ಚೆರ್ರಿ ಗಿಡದ ಬುಡಕ್ಕೆ ಐಸ್ ಸುರಿಯಬೇಡಿ

ಓದುಗರ ಪ್ರಶ್ನೆ: ತೋಟಗಾರಿಕೆ ತಜ್ಞರ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಚೆರ್ರಿಯದ್ದೇ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಊರೂರಿಗೂ ಯಾರೋ ಸಿಹಿ ಚೆರ್ರಿ ಗಿಡ ಮಾರಿಕೊಂಡು ಹೋಗಿದ್ದಾರೆ. ಹೋದ ವರ್ಷವೂ ಇದನ್ನೇ ಕೇಳಿದ್ದಿರಿ, ಅದರ ಹಿಂದಿನ ವರ್ಷವೂ. ಗುಂಡಿ ತೋಡುವುದು, ಹಟ್ಟಿಗೊಬ್ಬರ ಹಾಕುವುದು ಅಡಿಕೆ ತೋಟ ಇರುವವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ನೇರ ವಿಷಯಕ್ಕೆ ಬರುತ್ತೇನೆ.

ಪ್ರಶ್ನೆ: ಎರಡು ವರ್ಷದ ಹಿಂದೆ ಸಂತೆಯಿಂದ ‘ಕಾಶ್ಮೀರಿ ಸಿಹಿ ಚೆರ್ರಿ’ ಗಿಡ ತಂದು ನೆಟ್ಟಿದ್ದೇವೆ. ಹೂ ಇಲ್ಲ. ಗೆಲ್ಲುಗಳ ತುದಿಯಲ್ಲಿ ಮಾತ್ರ ನಾಲ್ಕು ಎಲೆ, ಉಳಿದದ್ದು ಬೋಳು. ತೊಗಟೆಯಿಂದ ಕಂದು ಬಣ್ಣದ ಅಂಟು ಇಳಿಯುತ್ತಿದೆ. ಬುಡಕ್ಕೆ ದಿನಾ ಐಸ್ ಹಾಕಿದರೆ ಹೂ ಬಿಡುತ್ತದೆ ಎಂದು ವಿಡಿಯೊದಲ್ಲಿ ನೋಡಿ ಹಾಕುತ್ತಿದ್ದೇವೆ. ಇನ್ನೆಷ್ಟು ದಿನ ಹಾಕಬೇಕು? ಜನವರಿಯಲ್ಲಿ ಕುಂಬಳೆ ಜಾತ್ರೆಯ ಬೆಡಿಯ (ಸಿಡಿಮದ್ದಿನ) ಹೊತ್ತಿಗೆ ನಮ್ಮಲ್ಲೂ ಚಳಿ ಇರುತ್ತದಲ್ಲ, ಅದು ಸಾಲದಾ?
(ಬದಿಯಡ್ಕದ ಓದುಗರು)

ಉತ್ತರ: ಇವತ್ತೇ ನಿಲ್ಲಿಸಿ. ಆ ಗಿಡ ಹೂ ಬಿಡುವುದಿಲ್ಲ.

ಸಿಹಿ ಚೆರ್ರಿ ಚಳಿನಾಡಿನ ಮರ. ಎಲೆ ಉದುರಿಸಿ ಚಳಿಗಾಲ ಪೂರ್ತಿ ಮಲಗುತ್ತದೆ. ಮೊಗ್ಗು ಮತ್ತೆ ಏಳಬೇಕಾದರೆ ಅದಕ್ಕೆ ಇಂತಿಷ್ಟು ಗಂಟೆ ಚಳಿ ಸಿಗಲೇಬೇಕು. ಚಳಿ ಅಂದರೆ 7 ಡಿಗ್ರಿಗಿಂತ ಕೆಳಗೆ. ಹೆಚ್ಚಿನ ತಳಿಗಳಿಗೆ ಒಂದು ಚಳಿಗಾಲದಲ್ಲಿ 700ರಿಂದ 1,000 ಗಂಟೆ, ಕೆಲವಕ್ಕೆ ಇನ್ನೂ ಜಾಸ್ತಿ ಬೇಕು. ಕಾಶ್ಮೀರದಲ್ಲಿ, ಶಿಮ್ಲಾದ ಎತ್ತರದ ಬೆಟ್ಟಗಳಲ್ಲಿ ಅದು ಸಿಗುತ್ತದೆ. ಕಾಸರಗೋಡಿನಲ್ಲಿ ಜನವರಿಯ ಬೆಳಗಿನ ಜಾವವೂ 18–20 ಡಿಗ್ರಿಯ ಆಸುಪಾಸು ಇರುತ್ತದೆ. ಬೆಡಿ ನೋಡಲು ನೀವು ಸ್ವೆಟರ್ ಹಾಕಿಕೊಂಡು ಹೋಗಿರಬಹುದು. ಚೆರ್ರಿ ಮೊಗ್ಗಿಗೆ ಅದು ಬೇಸಿಗೆಯೇ. ನಮ್ಮ ಲೆಕ್ಕ ನೂರು ಗಂಟೆಯೂ ಅಲ್ಲ, ಹತ್ತು ಗಂಟೆಯೂ ಅಲ್ಲ, ಸೊನ್ನೆ.

ಇನ್ನು ಐಸ್. ಚಳಿಯನ್ನು ಲೆಕ್ಕ ಹಾಕುವುದು ಬೇರಲ್ಲ, ಮೊಗ್ಗು. ಒಂದೊಂದು ಮೊಗ್ಗೂ ತನ್ನ ಲೆಕ್ಕ ತಾನೇ ಇಟ್ಟುಕೊಳ್ಳುತ್ತದೆ. ಇದು ಗೊತ್ತಾಗಿ ನೂರು ವರ್ಷ ದಾಟಿತು. ಅಮೆರಿಕದ ಸಸ್ಯವಿಜ್ಞಾನಿ ಫ್ರೆಡರಿಕ್ ಕೋವಿಲ್ ಬೆಚ್ಚಗಿನ ಗಾಜಿನ ಮನೆಯೊಳಗೆ ಬ್ಲೂಬೆರಿ ಗಿಡ ಇಟ್ಟು, ಅದರ ಒಂದು ಗೆಲ್ಲನ್ನು ಮಾತ್ರ ಹೊರಗಿನ ಚಳಿಗೆ ಬಿಟ್ಟರು. ವಸಂತ ಬಂದಾಗ ಚಿಗುರಿದ್ದು ಹೊರಗಿದ್ದ ಗೆಲ್ಲು. ಒಳಗಿದ್ದ ಗೆಲ್ಲುಗಳು ಮಲಗಿಯೇ ಇದ್ದವು. ಬೇರು ಎರಡಕ್ಕೂ ಒಂದೇ, ಅಲ್ವಾ? 1920ರಲ್ಲೇ ಅವರು ಇದನ್ನು ಬರೆದು ಪ್ರಕಟಿಸಿದ್ದಾರೆ. ಇಷ್ಟಾದ ಮೇಲೂ ಬುಡಕ್ಕೆ ಐಸ್ ಸುರಿಯುವ ವಿಡಿಯೊ ಮಾಡುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಐಸಿನಿಂದ ಬೇರು ಮರಗಟ್ಟುತ್ತದೆ, ನೀರು ಎಳೆಯುವುದು ಕಡಿಮೆಯಾಗುತ್ತದೆ, ಮೊದಲೇ ಸೊರಗಿದ ಗಿಡ ಇನ್ನಷ್ಟು ಸೊರಗುತ್ತದೆ. ಬೇರೇನೂ ಆಗುವುದಿಲ್ಲ.

ತುದಿಯಲ್ಲಿ ನಾಲ್ಕು ಎಲೆ, ನಡುವೆ ಬೋಳು ಎಂದು ಬರೆದಿದ್ದೀರಿ. ಚಳಿ ಸಿಗದ ಮರದ ಲಕ್ಷಣವೇ ಅದು. ಅಂಟು ಇಳಿಯುವುದು ಮರ ಕಷ್ಟದಲ್ಲಿದೆ ಎನ್ನುವುದಕ್ಕೆ ಗುರುತು. ನಮ್ಮ ಮಳೆ ವರ್ಷಕ್ಕೆ 3,000 ಮಿ.ಮೀ. ದಾಟುತ್ತದೆ. ಚೆರ್ರಿ ಬೇರಿಗೆ ನಿಂತ ನೀರು ಆಗುವುದೇ ಇಲ್ಲ, ಕೊಳೆಯುತ್ತದೆ. ಒಂದು ವೇಳೆ ಹಣ್ಣಾಯಿತು ಅಂತಲೇ ಇಟ್ಟುಕೊಳ್ಳಿ, ಮಾಗುವ ಹೊತ್ತಿಗೆ ಒಂದು ಮಳೆ ಬಿದ್ದರೆ ಸಿಪ್ಪೆ ಒಡೆಯುತ್ತದೆ. ಕಾಶ್ಮೀರದ ಬೆಳೆಗಾರರಿಗೂ ಇದೇ ತಲೆನೋವು. ಅದೂ ಅಲ್ಲದೆ ಸಿಹಿ ಚೆರ್ರಿಯ ಹೆಚ್ಚಿನ ತಳಿಗಳು ಒಂಟಿಯಾಗಿ ಕಾಯಿ ಕಚ್ಚುವುದಿಲ್ಲ, ಪಕ್ಕದಲ್ಲಿ ಹೊಂದುವ ಬೇರೆ ತಳಿ ಇರಬೇಕು. ನಿಮಗೆ ಒಂದೇ ಗಿಡ ಮಾರಿದವನು ಇದನ್ನು ಹೇಳಿದನಾ?

‘ಬಯಲುಸೀಮೆಯಲ್ಲಿ ಸೇಬು ಬಂದಿದೆ, ಚೆರ್ರಿ ಯಾಕೆ ಬಾರದು’ ಎಂದು ವಾದ ಮಾಡುವವರಿದ್ದಾರೆ. ಆ ಸೇಬು ಹಿಮಾಚಲದ ಬಿಲಾಸ್‌ಪುರದಿಂದ ಬಂದ ಎಚ್‌ಆರ್‌ಎಂಎನ್-99, ಬಹಳ ಕಡಿಮೆ ಚಳಿ ಸಾಕಾಗುವ ತಳಿ. ಚೆರ್ರಿಯಲ್ಲೂ ಕ್ಯಾಲಿಫೋರ್ನಿಯಾದಲ್ಲಿ ಬೆಳೆಯುವ ಮಿನಿ ರಾಯಲ್, ರಾಯಲ್ ಲೀ ಎಂಬ ಕಡಿಮೆ ಚಳಿಯ ಜೋಡಿ ಇದೆ. ಅವಕ್ಕೂ ನೂರಾರು ಗಂಟೆ ಚಳಿ ಬೇಕು. ಸೊನ್ನೆ ಗಂಟೆಯ ಸಿಹಿ ಚೆರ್ರಿ ಎಲ್ಲೂ ಇಲ್ಲ.

ಇನ್ನೊಬ್ಬರು ಯಾರೋ ನಿಮಗೆ ದ್ರಾಕ್ಷಿಗೆ ಹೊಡೆಯುವ ಹೈಡ್ರೋಜನ್ ಸಯನಮೈಡ್ ಹೊಡೆಯಲು ಹೇಳಿದ್ದಾರಂತೆ. ಸಾಂಗ್ಲಿ, ವಿಜಯಪುರದ ದ್ರಾಕ್ಷಿ ತೋಟಗಳಲ್ಲಿ ಚಾಟನಿ (ಗೆಲ್ಲು ಸವರುವುದು) ಆದ ಮೇಲೆ ಮೊಗ್ಗು ಒಡೆಸಲು ಅದನ್ನು ಬಳಸುತ್ತಾರೆ, ನಿಜ. ಮೈಗೆ ತಾಗಿದರೆ ಚರ್ಮ ಸುಡುವ ವಿಷ ಅದು. ಅದನ್ನು ಬಳಸಿದವರು ಮದ್ಯ ಮುಟ್ಟಿದರೆ ಆಸ್ಪತ್ರೆ ಸೇರಬೇಕಾಗುತ್ತದೆ. ಮಕ್ಕಳು ಆಡುವ ಅಂಗಳಕ್ಕೆ ಇದನ್ನು ತರಬೇಡಿ. ನಮ್ಮ ಎಣ್ಮಕಜೆ, ಪಡ್ರೆಯ ಕಡೆ 20 ವರ್ಷಕ್ಕೂ ಹೆಚ್ಚು ಕಾಲ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಆ ಸಿಂಪಡಣೆ ನಿಂತದ್ದು 2000ದ ಕೊನೆಗೆ, ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಎಂಡೋಸಲ್ಫಾನ್ ನಿಷೇಧಿಸಿದ್ದು 2011ರಲ್ಲಿ. ಅದರ ಫಲ ಉಂಡ ಮನೆಗಳು ಇವತ್ತಿಗೂ ಇಲ್ಲೇ ಇವೆ. ಈ ಜಿಲ್ಲೆಯಲ್ಲಿ ನಿಂತು, ಬರೀ ಒಂದು ಹಣ್ಣಿನ ಆಸೆಗೆ ವಿಷ ಹೊಡೆಯಿರಿ ಎಂದು ನನ್ನಿಂದ ಹೇಳಲಾಗದು. ಮನೆಯಂಗಳದ ಯಾವ ಹಣ್ಣಿನ ಗಿಡಕ್ಕೂ ನಾನು ಅಂಥದ್ದನ್ನು ಹೇಳುವುದಿಲ್ಲ.

ಮುಂದೆ ಚೆರ್ರಿ ಅಂತ ಯಾರಾದರೂ ಗಿಡ ಕೊಟ್ಟರೆ ದುಡ್ಡು ತೆಗೆಯುವ ಮೊದಲು ಎಲೆ ನೋಡಿ. ಸಿಹಿ ಚೆರ್ರಿಯ ಎಲೆಗಳು ಗೆಲ್ಲಿನಲ್ಲಿ ಒಂದಾದ ಮೇಲೊಂದು, ಬೇರೆ ಬೇರೆ ಮಗ್ಗುಲಿಗೆ ಇರುತ್ತವೆ, ಅಂಚಿಗೆ ಗರಗಸದ ಹಲ್ಲು. ತೊಟ್ಟು ಎಲೆಗೆ ಸೇರುವ ಜಾಗದಲ್ಲಿ, ಸಾಸಿವೆಗಿಂತ ಸಣ್ಣ ಎರಡು ಕೆಂಪು ಗಂಟುಗಳಿರುತ್ತವೆ. ಬೆರಳಿಗೆ ಸಿಗುತ್ತವೆ. ಅವು ಇದ್ದರೆ ಗಿಡ ಅಸಲಿ, ಆದ್ದರಿಂದಲೇ ಇಲ್ಲಿ ಫಲ ಕೊಡುವುದಿಲ್ಲ. ಎಲೆಗಳು ಎದುರುಬದುರು ಇದ್ದು, ಅಂಚು ನುಣುಪಾಗಿದ್ದು, ಗುಲಾಬಿ ಬಣ್ಣದ ಸುಕ್ಕುಸುಕ್ಕು ಹೂವಾದರೆ ಅದು ಬಾರ್ಬಡೋಸ್ ಚೆರ್ರಿ. ಚಿಗುರು ತಾಮ್ರದ ಬಣ್ಣ, ಹಣ್ಣಿಗೆ ಪುಟ್ಟ ಕುಂಬಳಕಾಯಿಯಂತೆ ಎಂಟು ಏಣು ಇದ್ದರೆ ಸುರಿನಾಮ್ ಚೆರ್ರಿ. ಎರಡೂ ನಮ್ಮಲ್ಲಿ ಚೆನ್ನಾಗಿ ಬರುತ್ತವೆ. ಅವನ್ನೇ ‘ಕಾಶ್ಮೀರಿ’ ಎಂದು ನಾಲ್ಕು ಪಟ್ಟು ಬೆಲೆಗೆ ಮಾರುವುದು ಮೋಸ.

ನಿಮ್ಮ ಗಿಡ ಕಿತ್ತು ಅದೇ ಜಾಗಕ್ಕೆ ಬಾರ್ಬಡೋಸ್ ಚೆರ್ರಿ ನೆಡಿ. ಪೂರ್ತಿ ಬಿಸಿಲು ಬೇಕು, ತೆಂಗಿನ ನೆರಳು ಬೇಡ. ನಮ್ಮ ಮುರಕಲ್ಲಿನ ಮಣ್ಣು ಹುಳಿ, ಆದ್ದರಿಂದ ನೆಡುವ ಎರಡು ವಾರ ಮೊದಲೇ ಗುಂಡಿಗೆ ಎರಡು ಹಿಡಿ ಸುಣ್ಣ ಸೇರಿಸಿ. ಬುಡ ಏರಿಸಿ ನೆಟ್ಟರೆ ಆಟಿಯ ಮಳೆಯಲ್ಲೂ ನೀರು ನಿಲ್ಲದು. ಗೂಟಿ ಕಟ್ಟಿದ (ತಾಯಿಗಿಡದ ಗೆಲ್ಲಿನಲ್ಲೇ ಬೇರು ಬರಿಸಿ ಬೇರ್ಪಡಿಸಿದ) ಗಿಡವನ್ನೇ ಕೇಳಿ ತನ್ನಿ. ಅದು ಎರಡು–ಮೂರು ವರ್ಷಕ್ಕೆ ಹಣ್ಣು ಕೊಡುತ್ತದೆ, ಬೀಜದ ಗಿಡ ಸತಾಯಿಸುತ್ತದೆ. ಟೊಮೆಟೊ, ಬದನೆ ಬೆಳೆದು ಬೇರುಗಂಟು ಹುಳ ಬಂದ ಜಾಗದಲ್ಲಿ ನೆಡಲೇಬೇಡಿ. ಒಣಹವೆ ಆದ ಮೇಲೆ ನೀರು ಕೊಟ್ಟರೆ ಹೂ ಕಂತುಕಂತಾಗಿ ಬರುತ್ತದೆ. ಹೂವಾದ ಮೂರ್ನಾಲ್ಕು ವಾರಕ್ಕೆ ಹಣ್ಣು ತಯಾರು. ಕೊಯ್ದ ಹಣ್ಣು ಎರಡು ದಿನವೂ ಸರಿಯಾಗಿ ಉಳಿಯದು, ಅದಕ್ಕೇ ಇದು ಅಂಗಡಿಗಿಂತ ಅಂಗಳಕ್ಕೆ ತಕ್ಕ ಹಣ್ಣು. ಹುಳಿ ಮುಂದು, ಸಿಹಿ ಹಿಂದು. ನೂರು ಗ್ರಾಂ ಹಣ್ಣಿನಲ್ಲಿ 1,000 ಮಿಲಿಗ್ರಾಂಗೂ ಮಿಕ್ಕಿ ವಿಟಮಿನ್ ಸಿ ಇರುತ್ತದೆ, ಕಿತ್ತಳೆಯಲ್ಲಿ 50ರ ಆಸುಪಾಸು. ಕಿಡ್ನಿ ಕಲ್ಲಿನ ತೊಂದರೆ ಇರುವವರು ಬೊಗಸೆಗಟ್ಟಲೆ ತಿನ್ನಬೇಡಿ.

ಪ್ರಶ್ನೆ: ನಮ್ಮ ಬಾರ್ಬಡೋಸ್ ಚೆರ್ರಿ ಮೈತುಂಬ ಹೂ ಬಿಟ್ಟು ಎಲ್ಲವನ್ನೂ ಉದುರಿಸುತ್ತದೆ. (ಪೆರ್ಲ)
ಉತ್ತರ: ಜೋರು ಮಳೆಯಲ್ಲಿ ಉದುರಿದರೆ ಚಿಂತೆ ಬೇಡ. ಬಿಸಿಲಲ್ಲೂ ಉದುರಿದರೆ ಪಕ್ಕದಲ್ಲಿ ಬೇರೆ ಕಡೆಯಿಂದ ತಂದ ಇನ್ನೊಂದು ಗಿಡ ನೆಡಿ.

ಪ್ರಶ್ನೆ: ನೇರಳೆ ಮರಕ್ಕೆ ಸಿಹಿ ಚೆರ್ರಿ ಕಸಿ ಕಟ್ಟಬಹುದಾ? (ಉಪ್ಪಳ)
ಉತ್ತರ: ಇಲ್ಲ. ಕುಟುಂಬವೇ ಬೇರೆ. ಕೂಡಿದ್ದರೂ ಚಳಿ ಬೇಕಾಗುವುದು ಮೇಲಿನ ಮೊಗ್ಗಿಗೆ.

ಪ್ರಶ್ನೆ: ಕೇಕಿನ ಮೇಲಿನ ಚೆರ್ರಿಯಿಂದ ಬೀಜ ತೆಗೆದು ಮೊಳಕೆ ಬರಿಸುವುದು ಹೇಗೆ? (ನೀರ್ಚಾಲು)
ಉತ್ತರ: ಅದು ಹೆಚ್ಚಾಗಿ ನಮ್ಮ ಕರಂಡೆಯೇ (ಕವಳೆ ಹಣ್ಣು). ಬೀಜ ತೆಗೆದು, ಸಕ್ಕರೆ ಪಾಕದಲ್ಲಿ ಕುದಿಸಿ, ಕೆಂಪು ಬಣ್ಣ ಹಾಕಿದ್ದು. ನಿಮ್ಮೂರಿನ ಪಾರೆಯಲ್ಲೇ ಕರಂಡೆ ಇರಬಹುದು, ಹಣ್ಣು ತಂದು ಬೇಲಿಗೆ ಬೀಜ ಹಾಕಿ.

ಪ್ರಶ್ನೆ: ಚೆರ್ರಿ ಎಲೆಯ ಕಷಾಯ ಶುಗರಿಗೆ ಒಳ್ಳೆಯದು ಎಂದು ಒಬ್ಬ ನಾಟಿ ವೈದ್ಯರು ಹೇಳಿದರು. ದಿನಕ್ಕೆ ಎಷ್ಟು ಎಲೆ? (ಕುಂಬಳೆ)
ಉತ್ತರ: ಒಂದೂ ಬೇಡ. ಸಿಹಿ ಚೆರ್ರಿಯ ಎಲೆಯಲ್ಲೂ ಬೀಜದಲ್ಲೂ ಸಯನೈಡ್ ಹುಟ್ಟಿಸುವ ಅಂಶವಿದೆ, ಬಾಡಿದ ಎಲೆ ತಿಂದು ದನಗಳು ಸಾಯುವುದುಂಟು. ಈಗಾಗಲೇ ಕುಡಿದಿದ್ದರೆ ನಿಮ್ಮ ಡಾಕ್ಟರಿಗೆ ಮುಚ್ಚಿಡದೆ ಹೇಳಿ.