ಚಿನ್ನದಂಗಡಿಯಲ್ಲಿ ಸಾದಾ ಬಟ್ಟೆಯವರನ್ನು ಯಾಕೆ ಸರಿಯಾಗಿ ಮಾತಾಡಿಸುವುದಿಲ್ಲ?

ನಿಮ್ಮ ಪ್ರಶ್ನೆ ಓದಿ ಬೇಜಾರಾಯಿತು. ತಮ್ಮನ ಮದುವೆಗೆ ಮಾಂಗಲ್ಯ ಸರ ನೋಡಲು ಅಮ್ಮನ ಜೊತೆ ಬೆಂಗಳೂರಿನ ಒಂದು ದೊಡ್ಡ ಮಳಿಗೆಗೆ ಹೋಗಿದ್ದಿರಿ. ಅಮ್ಮ ದಿನಾ ಉಡುವ ಕಾಟನ್ ಸೀರೆಯಲ್ಲಿದ್ದರು. ಕೌಂಟರಿನ ಹುಡುಗ ಕೂತ್ಕೊಳ್ಳಿ ಅಂತಲೂ ಹೇಳದೆ ಮೊದಲು ಕೇಳಿದ್ದು ‘ಬಜೆಟ್ ಎಷ್ಟು’ ಅಂತ. ಎರಡು ಸರ ತೋರಿಸಿ ಸುಮ್ಮನಾದ. ಪಕ್ಕದಲ್ಲಿ ಕೂತವರಿಗೆ ಮಾತ್ರ ಕಾಫಿ, ಜ್ಯೂಸ್ ಬಂತು. ಎಲ್ಲ ಕಡೆ ಹೀಗೇನಾ, ಬಟ್ಟೆ ನೋಡಿ ಮಣೆ ಹಾಕುತ್ತಾರಾ, ಮುಂದೆ ಏನು ಮಾಡಬೇಕು ಅಂತ ಕೇಳಿದ್ದೀರಿ.

ಎಲ್ಲ ಕಡೆ ಹೀಗಿಲ್ಲ. ಆದರೆ ಅಪರೂಪವೂ ಅಲ್ಲ. ನಾನು ಮೈಸೂರಿನ ಒಂದು ಆಭರಣ ಮಳಿಗೆಯಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದೇನೆ. ಮೊದಲು ಬಳೆ ಕೌಂಟರ್, ಆಮೇಲೆ ಸರದ ಕೌಂಟರ್. ಗಾಜಿನ ಆ ಕಡೆ ನಿಂತು ಕಂಡದ್ದನ್ನು ಹೇಳುತ್ತೇನೆ.

ನಿಮ್ಮ ಅಮ್ಮನಿಗೆ ಕೂರಲು ಹೇಳದೆ ಇದ್ದದ್ದು ತಪ್ಪು. ಮುಂದೆ ನಾನು ಕೆಲವು ಕಾರಣ ಹೇಳುತ್ತೇನೆ, ಅವು ಯಾವುವೂ ಅದಕ್ಕೆ ಸಮಜಾಯಿಷಿ ಅಲ್ಲ. ವಯಸ್ಸಾದವರು ಬಂದರೆ ಕುರ್ಚಿ ಎಳೆದು ಕೊಡಬೇಕು. ಅದಕ್ಕೆ ಯಾವ ಟ್ರೈನಿಂಗೂ ಬೇಡ.

ಬಟ್ಟೆ ನೋಡಿ ಅಳೆಯುವುದು ಹೆಚ್ಚಾಗಿ ಹೊಸಬರ ಕೆಲಸ. ಪಳಗಿದವರು ಹಾಗೆ ಮಾಡುವುದಿಲ್ಲ, ಯಾಕೆಂದರೆ ಅವರಿಗೆ ಗಿರಾಕಿಯ ಅನುಭವ ಇರುತ್ತದೆ. ನಮ್ಮ ಮಳಿಗೆಗೆ ಹುಣಸೂರು, ಪಿರಿಯಾಪಟ್ಟಣದ ಕಡೆಯ ರೈತರು ತಂಬಾಕು ಹರಾಜಿನ ದುಡ್ಡು ಕೈಗೆ ಬಂದ ಮೇಲೆ ಬರುತ್ತಿದ್ದರು. ಮಂಡ್ಯದ ಕಡೆಯವರು ಕಬ್ಬಿನ ಬಿಲ್ ಆದ ಮೇಲೆ. ಪಂಚೆ, ಹೆಗಲ ಮೇಲೊಂದು ಟವೆಲ್, ಜೊತೆಗೆ ಮನೆಮಂದಿಯೆಲ್ಲ. ಹೊಳೆಯುವ ನೆಲ ನೋಡಿ ಕೆಲವರು ಚಪ್ಪಲಿ ಬಾಗಿಲಲ್ಲೇ ಬಿಡಲು ಹೋಗುತ್ತಿದ್ದರು. ಅವರು ಸುಮ್ನೆ ನೋಡಲು ಬಂದವರಲ್ಲ. ಮಗಳ ಮದುವೆಗೆ ಸರ, ಓಲೆ, ಜುಮುಕಿ, ಬಳೆ, ಉಂಗುರ ಎಲ್ಲ ಒಂದೇ ದಿನ ಮುಗಿಸಿಕೊಂಡು ಹೋಗುತ್ತಿದ್ದರು. ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರು ಅವರನ್ನು ಕಂಡ ಕೂಡಲೇ ಎದ್ದು ಹೋಗಿ ‘ಬನ್ನಿ ಯಜಮಾನ್ರೇ, ಬನ್ನಿ ತಾಯಿ’ ಅಂತ ಕರೆತಂದು ಕೂರಿಸುತ್ತಿದ್ದರು. ವ್ಯಾಪಾರ ಆಗದಿದ್ದರೂ ಅದೇ ದನಿಯಲ್ಲಿ ಬೀಳ್ಕೊಡುತ್ತಿದ್ದರು.

ಇನ್ನು ದೊಡ್ಡ ಮಳಿಗೆ ನಡೆಯುವ ರೀತಿ. ಸೇಲ್ಸ್‌ನವರಿಗೆ ತಿಂಗಳ ಟಾರ್ಗೆಟ್ ಇರುತ್ತದೆ. ಇಷ್ಟು ಗ್ರಾಂ ಚಿನ್ನ, ಇಷ್ಟು ರೂಪಾಯಿಯ ಡೈಮಂಡ್ ಅಂತ. ಸಾದಾ ಸರದಲ್ಲಿ ಅಂಗಡಿಗೆ ಉಳಿಯುವುದು ಕಡಿಮೆ. ಆ್ಯಂಟಿಕ್, ಕಲ್ಲಿನ ಒಡವೆ, ಡೈಮಂಡ್‌ನಲ್ಲಿ ಜಾಸ್ತಿ. ಇನ್ಸೆಂಟಿವ್ ಕೂಡ ಆ ಕಡೆಗೇ ಜಾಸ್ತಿ ಇಟ್ಟಿರುತ್ತಾರೆ. ನಿಮ್ಮ ಪಕ್ಕದವರು ಡೈಮಂಡ್ ಸೆಟ್ ನೋಡುತ್ತಿದ್ದರೆ, ಕಾಫಿ ಬಂದದ್ದು ಅವರ ಬಟ್ಟೆಗಿಂತ ಆ ಟ್ರೇಗೆ. ಇದು ನ್ಯಾಯ ಅಂತ ನಾನು ಹೇಳುತ್ತಿಲ್ಲ. ಹೀಗೆ ನಡೆಯುತ್ತದೆ ಅಂತ ಗೊತ್ತಿದ್ದರೆ ನಿಮ್ಮ ಅಮ್ಮ ಅದನ್ನು ತಮ್ಮ ಮೇಲೆ ಹಾಕಿಕೊಂಡು ನೊಂದುಕೊಳ್ಳುವುದು ಬೇಡ ಅನ್ನುವುದಷ್ಟೇ ನನ್ನ ಆಸೆ.

ಎರಡೇ ಸರ ತೋರಿಸಿದ ಅಂತ ಬರೆದಿದ್ದೀರಿ. ಅದರಲ್ಲಿ ಅರ್ಧ ನಿಯಮ, ಅರ್ಧ ಅಸಡ್ಡೆ. ಪ್ರತಿ ಟ್ರೇಯಲ್ಲಿ ಎಷ್ಟು ಒಡವೆ ಇದೆ ಅನ್ನುವ ಲೆಕ್ಕ ಆ ಕೌಂಟರಿನವರ ತಲೆ ಮೇಲೆ ಇರುತ್ತದೆ. ರಾತ್ರಿ ಬಾಗಿಲು ಹಾಕುವ ಮುಂಚೆ ಒಂದೊಂದು ಟ್ಯಾಗ್ ಎಣಿಸಿ ಸ್ಟಾಕ್ ಸರಿಯಾಗಬೇಕು. ಒಂದು ಕಡಿಮೆ ಬಂದರೂ ಯಾರೂ ಮನೆಗೆ ಹೋಗುವ ಹಾಗಿಲ್ಲ. ಅದಕ್ಕೇ ಒಂದು ಒಳಗಿಟ್ಟು ಇನ್ನೊಂದು ತೆಗೆಯುತ್ತಾರೆ, ನಿಮ್ಮ ಕೈ ಮೇಲೆ ಕಣ್ಣಿಟ್ಟಿರುತ್ತಾರೆ. ರೇಷ್ಮೆ ಸೀರೆಯವರ ಕೈಯನ್ನೂ ಹಾಗೇ ನೋಡುತ್ತಾರೆ. ಆದರೆ ‘ಇನ್ನೂ ತೋರಿಸಿ’ ಅಂದಾಗ ತೆಗೆಯದೆ ಇದ್ದರೆ ಅದು ಅಸಡ್ಡೆಯೇ.

‘ಬಜೆಟ್ ಎಷ್ಟು’ ಅನ್ನುವ ಪ್ರಶ್ನೆ ಯಾವ ಟ್ರೇ ತೆಗೆಯಬೇಕು ಅಂತ ತಿಳಿಯಲು ಕೇಳುವಂಥದ್ದು. ಕೇಳುವ ದನಿ ಸರಿ ಇಲ್ಲದಿದ್ದರೆ ಚುಚ್ಚುತ್ತದೆ. ಇಲ್ಲಿ ನಿಮಗೊಂದು ದಾರಿ ಹೇಳುತ್ತೇನೆ. ರೂಪಾಯಿಯಲ್ಲಿ ಉತ್ತರ ಕೊಡಬೇಡಿ, ಗ್ರಾಂನಲ್ಲಿ ಕೊಡಿ. ‘ಮಾಂಗಲ್ಯ ಸರ, ಎರಡೆಳೆ, ಕರಿಮಣಿ ಬೇಕು, ನೆಟ್ 20 ಗ್ರಾಂ ಆಸುಪಾಸು, ವಿ.ಎ. ಕಡಿಮೆ ಇರುವ ಡಿಸೈನ್ ತೋರಿಸಿ’ ಅನ್ನಿ. ಈ ಒಂದು ವಾಕ್ಯಕ್ಕೆ ಎದುರಿನವರು ನೆಟ್ಟಗೆ ಕೂರುತ್ತಾರೆ. ನಿಮಗೆ ಲೆಕ್ಕ ಗೊತ್ತು ಅಂತ ಅವರಿಗೆ ತಿಳಿಯುತ್ತದೆ. ಆಮೇಲೆ ಬಟ್ಟೆ ಲೆಕ್ಕಕ್ಕೆ ಬರುವುದಿಲ್ಲ.

ನೆಟ್ ಅಂದರೆ ಕರಿಮಣಿ, ಕಲ್ಲು ಬಿಟ್ಟು ಬರೀ ಚಿನ್ನದ ತೂಕ. ವಿ.ಎ. (ವ್ಯಾಲ್ಯೂ ಅಡಿಷನ್) ಅಂದರೆ ವೇಸ್ಟೇಜ್, ಮಜೂರಿ ಸೇರಿಸಿ ಚಿನ್ನದ ಬೆಲೆಯ ಮೇಲೆ ಹಾಕುವ ಶೇಕಡಾವಾರು. ಟ್ಯಾಗ್ ಮೇಲೆ ಇರುತ್ತದೆ, ಕೆಲವು ಕಡೆ ಗುಪ್ತ ಅಕ್ಷರದಲ್ಲಿ. ಕೇಳಿದರೆ ಹೇಳಲೇಬೇಕು.

ಈಗ ಕಾಫಿ, ಜ್ಯೂಸಿನ ವಿಷಯ. ನಿಮ್ಮ ಬೇಜಾರು ಅರ್ಥವಾಗುತ್ತದೆ. ಆದರೂ ಕೌಂಟರಿನಲ್ಲಿ ನಿಂತವಳಾಗಿ ಹೇಳುತ್ತೇನೆ, ಅದನ್ನು ಮರ್ಯಾದೆ ಅಂತ ತಿಳಿಯಬೇಡಿ. ಕುಡಿಯುತ್ತಾ ಕೂತವರು ಎದ್ದು ಬೇರೆ ಅಂಗಡಿಗೆ ಹೋಗುವುದು ಕಡಿಮೆ. ಮಗುವಿಗೆ ಬಲೂನ್, ಅಜ್ಜಿಗೆ ಕುಂಕುಮ, ಸೊಸೆಯ ಕತ್ತಿಗೆ ಸರ ಹಾಕಿ ಕನ್ನಡಿ ಹಿಡಿದು ‘ನಿಮಗೇ ಮಾಡಿಸಿದ ಹಾಗಿದೆ ಮೇಡಂ’ ಅನ್ನುವುದು, ಇವೆಲ್ಲ ವ್ಯಾಪಾರದ ಭಾಗ. ಅಷ್ಟೆಲ್ಲ ಉಪಚಾರ ಮಾಡಿ, ಸರದ ವಿ.ಎ. ಎಷ್ಟು ಅಂತ ಕೇಳಿದರೆ ‘ಲಾಸ್ಟಲ್ಲಿ ನೋಡೋಣ ಮೇಡಂ’ ಅಂತ ಜಾರಿಕೊಳ್ಳುವವರನ್ನು ಕಂಡಿದ್ದೇನೆ. ನಗದೆ, ಕಾಫಿ ಕೊಡದೆ, ಆದರೆ ತಕ್ಕಡಿಯನ್ನು ಗಿರಾಕಿಯ ಕಡೆ ತಿರುಗಿಸಿ ‘ಒಟ್ಟು ತೂಕ ಇಷ್ಟು, ಕರಿಮಣಿ ಇಷ್ಟು ಹೋಯಿತು, ಚಿನ್ನ ಇಷ್ಟು’ ಅಂತ ತಾವಾಗಿಯೇ ಹೇಳುವವರನ್ನೂ ಕಂಡಿದ್ದೇನೆ. ನನ್ನ ದೃಷ್ಟಿಯಲ್ಲಿ ಗಿರಾಕಿಗೆ ಮರ್ಯಾದೆ ಕೊಟ್ಟವರು ಈ ಎರಡನೆಯವರು.

ನೀವು ಕೊಳ್ಳುತ್ತಿರುವುದು ಮಾಂಗಲ್ಯ ಸರ ಆದ್ದರಿಂದ ಇದು ಮುಖ್ಯ. ಲೆಕ್ಕ ಸುಲಭ ಆಗಲಿ ಅಂತ ಗ್ರಾಂಗೆ 10,000 ರೂಪಾಯಿ ಅಂತ ಹಿಡಿಯೋಣ. ಸರದ ಒಟ್ಟು ತೂಕ 22 ಗ್ರಾಂ, ಅದರಲ್ಲಿ ಕರಿಮಣಿ 2 ಗ್ರಾಂ ಅಂದುಕೊಳ್ಳಿ. ಚಿನ್ನ 20 ಗ್ರಾಂ, ಬೆಲೆ 2,00,000. ಕರಿಮಣಿಯನ್ನೂ ಚಿನ್ನದ ರೇಟಿನಲ್ಲಿ ಸೇರಿಸಿಬಿಟ್ಟರೆ ಅಲ್ಲೇ 20,000 ಹೋಯಿತು. ಹಾಗೆ ಸೇರಿಸದೆ ಬರೀ ಚಿನ್ನದ ಬೆಲೆಯ ಮೇಲೆ ವಿ.ಎ. ಶೇಕಡಾ 12 ಆದರೆ 24,000. ಮೇಲೆ ಶೇಕಡಾ 3 ಜಿಎಸ್‌ಟಿ 6,720. ಒಟ್ಟು 2,30,720. ಅದೇ ಸರಕ್ಕೆ ಇನ್ನೊಂದು ಅಂಗಡಿಯಲ್ಲಿ ಶೇಕಡಾ 16 ಹಾಕಿದರೆ ಒಟ್ಟು 2,38,960. ವ್ಯತ್ಯಾಸ 8,240 ರೂಪಾಯಿ. ಹಾಲ್‌ಮಾರ್ಕ್‌ಗೆ, ಅಂದರೆ ಶುದ್ಧತೆ ಪರೀಕ್ಷಿಸಿ ಹಾಕುವ ಮುದ್ರೆಗೆ, ಒಡವೆಗೆ ಇಷ್ಟು ಅಂತ ಸಣ್ಣ ಶುಲ್ಕ ಬೇರೆ, ಅದು ತೂಕದ ಮೇಲೆ ಅಲ್ಲ.

ಹಾಲ್‌ಮಾರ್ಕ್ ವಿಷಯದಲ್ಲಿ ಸಂಕೋಚ ಬೇಡವೇ ಬೇಡ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆ ಅಂತ ಮಾರಬೇಕಾದರೆ ಆರು ಅಕ್ಷರ-ಅಂಕಿಯ ಎಚ್‌ಯುಐಡಿ, ಅಂದರೆ ಒಂದೊಂದು ಒಡವೆಗೂ ಬೇರೆಯಾದ ಗುರುತಿನ ಸಂಖ್ಯೆ, ಇರಲೇಬೇಕು. 22 ಕ್ಯಾರೆಟ್‌ಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, 22ಕೆ916 (ಶೇಕಡಾ 91.6 ಚಿನ್ನ), ಎಚ್‌ಯುಐಡಿ, ಈ ಮೂರೂ ಇರಬೇಕು. ಬರಿಗಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಅದಕ್ಕೆಂದೇ ಅಂಗಡಿಯಲ್ಲಿ ಭೂತಗನ್ನಡಿ ಇಟ್ಟಿರಬೇಕು, ಕೇಳಿದರೆ ಕೊಡಬೇಕು. ಫೋನಿನಲ್ಲಿ ‘ಬಿಐಎಸ್ ಕೇರ್’ ಆ್ಯಪ್ ತೆರೆದು ಆ ಆರು ಅಕ್ಷರ ಹಾಕಿ ಅಲ್ಲೇ ನೋಡಿ. ತೀರಾ ಚಿಕ್ಕ, 2 ಗ್ರಾಂ ಒಳಗಿನ ಒಡವೆಗೆ ಈ ಕಡ್ಡಾಯದಿಂದ ವಿನಾಯಿತಿ ಇದೆ. ಹೀಗಾಗಿ ತಾಳಿ ಬೊಟ್ಟು ಬೇರೆಯಾಗಿ ಕೊಂಡರೆ ಅದರ ಮೇಲೆ ಗುರುತು ಇಲ್ಲದೆಯೂ ಇರಬಹುದು. ‘ಇದು 916 ಕೆಡಿಎಂ’ ಅಂತ ಬಾಯಲ್ಲಿ ಹೇಳಿದ್ದನ್ನು ಲೆಕ್ಕಕ್ಕೆ ತಗೋಬೇಡಿ. ಕೆಡಿಎಂ ಅಂದರೆ ಕ್ಯಾಡ್ಮಿಯಂ ಬೆಸುಗೆ, ಅದು ಶುದ್ಧತೆಯ ಪ್ರಮಾಣಪತ್ರ ಅಲ್ಲ.

ಭೂತಗನ್ನಡಿ ಕೇಳಿದಾಗ ಮುಖ ಸಿಂಡರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಸೇಲ್ಸ್‌ನವರ ಕಡೆಯ ಒಂದು ಮಾತು ಹೇಳದೆ ಇದ್ದರೆ ನನಗೆ ಸಮಾಧಾನ ಆಗುವುದಿಲ್ಲ. ಆ ಹುಡುಗ ಬೆಳಿಗ್ಗೆಯಿಂದ ನಿಂತೇ ಇರುತ್ತಾನೆ. ಗಿರಾಕಿ ಇಲ್ಲದಾಗಲೂ ಕೂರುವ ಹಾಗಿಲ್ಲ ಅನ್ನುವ ಅಂಗಡಿಗಳಿವೆ. ಕೇರಳದಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಅಂಗಡಿ ಕೆಲಸದವರಿಗೆ ಕೂರಲು ಆಸನ ಕೊಡಬೇಕು ಅಂತ ಕಾನೂನನ್ನೇ ತಿದ್ದಬೇಕಾಯಿತು. ಅಲ್ಲಿ ಜವಳಿ, ಚಿನ್ನದ ಅಂಗಡಿಗಳ ಹೆಣ್ಣುಮಕ್ಕಳು ಕಾಲು ಬಾತು ಪಡುತ್ತಿದ್ದ ಕಷ್ಟ ಅಷ್ಟಿತ್ತು. ಸಂಜೆ ಹೊತ್ತಿಗೆ ನಗು ಮುಖದಲ್ಲಿ ಉಳಿಯುವುದು ಕಷ್ಟ. ಭಾನುವಾರ ಸಂಜೆ, ಅಕ್ಷಯ ತೃತೀಯ, ವರಮಹಾಲಕ್ಷ್ಮಿ ಹಬ್ಬದ ಹಿಂದುಮುಂದಿನ ದಿನ ಹೋದರೆ ಯಾರಿಗೂ ಸರಿಯಾಗಿ ತೋರಿಸುವ ಪುರುಸೊತ್ತು ಇರುವುದಿಲ್ಲ. ವಾರದ ದಿನ, ಬೆಳಿಗ್ಗೆ ಅಂಗಡಿ ತೆರೆದ ಮೇಲೆ ಹೋಗಿ. ಅದೇ ಹುಡುಗ ಬೇರೆ ಮನುಷ್ಯನ ಹಾಗೆ ಕಂಡರೂ ಕಾಣಬಹುದು.

ಗಿರಾಕಿಯನ್ನು ಹೇಗೆ ಕಾಣುತ್ತಾರೆ ಅನ್ನುವುದು ನಿಜವಾಗಿ ತಿಳಿಯುವುದು ಹಳೆ ಚಿನ್ನದ ಕೌಂಟರಿನಲ್ಲಿ. ಕೊಳ್ಳುವಾಗ ಎಲ್ಲರೂ ಮೇಡಂ. ಹಳೆಯದನ್ನು ಕೊಡಲು ಹೋದಾಗ ದನಿ ಬದಲಾಗುತ್ತದೆ. ತೀರಿಹೋದ ತಾಯಿಯ ಬಳೆಯನ್ನು ಕೈವಸ್ತ್ರದಲ್ಲಿ ಸುತ್ತಿಕೊಂಡು ತಂದ ಹೆಣ್ಣುಮಕ್ಕಳನ್ನು ನಾನು ನೋಡಿದ್ದೇನೆ. ಅದನ್ನು ತಕ್ಕಡಿಗೆ ಟಣ್ ಅಂತ ಎಸೆದು ‘ಇದರಲ್ಲಿ ಬರೀ ಬೆಸುಗೆ ತುಂಬಿದೆ’ ಅನ್ನುವವರನ್ನೂ ನೋಡಿದ್ದೇನೆ. ನನಗೆ ಈಗಲೂ ಆ ಶಬ್ದ ಸಹಿಸಲು ಆಗುವುದಿಲ್ಲ. ಬೆಸುಗೆ ಜಾಸ್ತಿ ಇದ್ದರೆ ಹೇಳಲೇಬೇಕು, ಹಳೆ ಒಡವೆಯಲ್ಲಿ ಇರುತ್ತದೆ ಕೂಡ. ಅದನ್ನು ಹೇಳುವ ರೀತಿ ಇದೆ ಅಲ್ವಾ? ಮದುವೆ ಖರ್ಚಿಗೆ ನಿಮ್ಮ ಅಮ್ಮ ತಮ್ಮ ಹಳೆ ಸರ ಹಾಕುವ ಯೋಚನೆಯಲ್ಲಿದ್ದರೆ ಕರಗಿಸುವ ಮುಂಚೆ ಶುದ್ಧತೆ ಅಳೆಯುವ ಕ್ಯಾರೆಟ್ ಮೀಟರಿನಲ್ಲಿ ನಿಮ್ಮ ಎದುರೇ ನೋಡಿಸಿ. ಕರಗಿಸುವುದೂ ಕಣ್ಣೆದುರೇ ಆಗಲಿ. ಮೊದಲಿನ ತೂಕ, ಆಮೇಲಿನ ತೂಕ ಎರಡನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. ಒಂದು ಸಲ ಕರಗಿದರೆ ಬೇಡ ಅನ್ನಲು ಬರುವುದಿಲ್ಲ. ಹಾಗಾಗಿ ಅಮ್ಮ ಮನಸ್ಸು ಗಟ್ಟಿ ಮಾಡಿಕೊಳ್ಳುವವರೆಗೆ ಯಾರೂ ಅವಸರ ಮಾಡಬಾರದು. ಅವಸರ ಮಾಡುವ ಕಡೆ ಕೊಡಬೇಡಿ.

ಸಣ್ಣ ಅಂಗಡಿಗಳನ್ನೂ ಬಿಡಬೇಡಿ. ಬೆಂಗಳೂರಿನ ನಗರ್ತಪೇಟೆ, ಅವೆನ್ಯೂ ರಸ್ತೆಯ ಹಳೆ ಅಂಗಡಿಗಳಲ್ಲಿ ಎಷ್ಟೋ ಕಡೆ ಮಾಲೀಕರೇ ಕೂತು ತೂಗುತ್ತಾರೆ. ಏಸಿ ಇರದೆ ಇರಬಹುದು, ಡಿಸೈನ್ ಕಡಿಮೆ ಇರಬಹುದು. ಆದರೆ ವಿ.ಎ. ಇಳಿಸಲು ‘ಮ್ಯಾನೇಜರ್ ಹತ್ರ ಕೇಳಿ ಬರ್ತೀನಿ’ ಅನ್ನುವ ಓಡಾಟ ಇರುವುದಿಲ್ಲ. ಅಲ್ಲಿಯೂ ಹಾಲ್‌ಮಾರ್ಕ್, ಬಿಲ್ ಎರಡನ್ನೂ ಬಿಡಬೇಡಿ. ‘ಬಿಲ್ ಬೇಡ ಅಂದ್ರೆ ಜಿಎಸ್‌ಟಿ ಉಳಿಯುತ್ತೆ’ ಅಂದರೆ ಒಪ್ಪಬೇಡಿ. ಬಿಲ್ಲಿನಲ್ಲಿ ಒಡವೆಯ ಹೆಸರು, ಚಿನ್ನದ ನೆಟ್ ತೂಕ, ಶುದ್ಧತೆ, ಹಾಲ್‌ಮಾರ್ಕ್ ಶುಲ್ಕ ಬರೆದಿರಬೇಕು. ಮುಂದೆ ಶುದ್ಧತೆ ಕಡಿಮೆ ಅಂತ ಗೊತ್ತಾದರೆ, ಆ ಕೊರತೆಯ ಮೊತ್ತದ ಎರಡರಷ್ಟು ಪರಿಹಾರ, ಪರೀಕ್ಷೆಯ ಖರ್ಚು ಕೇಳುವ ಹಕ್ಕು ಬಿಐಎಸ್ ನಿಯಮದಲ್ಲಿ ಇದೆ. ಬಿಲ್ ಇಲ್ಲದೆ ಅದನ್ನು ಕೇಳುವುದು ಹೇಗೆ? ಅಂಗಡಿಯವರು ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ನೀವು ಹೋದ ಆ ಮಳಿಗೆಗೆ ಮತ್ತೆ ಹೋಗಬೇಕಾ? ಡಿಸೈನ್ ಅಮ್ಮನಿಗೆ ತುಂಬಾ ಹಿಡಿಸಿದ್ದರೆ ಹೋಗಿ, ಬೇರೆಯವರನ್ನು ಕಳಿಸಿ ಅಂತ ಫ್ಲೋರ್ ಮ್ಯಾನೇಜರಿಗೆ ನೇರವಾಗಿ ಹೇಳಿ. ಯಾಕೆ ಅಂತ ಕೇಳಿದರೆ ನಡೆದದ್ದನ್ನು ಸಮಾಧಾನವಾಗಿ ಹೇಳಿ. ಒಳ್ಳೆಯ ಮ್ಯಾನೇಜರ್ ಆದರೆ ತಿದ್ದಿಕೊಳ್ಳುತ್ತಾರೆ. ಡಿಸೈನ್ ಅಷ್ಟೇನೂ ಹಿಡಿಸಿಲ್ಲ ಅಂದರೆ ಬಿಟ್ಟುಬಿಡಿ. ಮನೆಗೆ ಬರುವ ಸೊಸೆಯ ಕೊರಳಿಗೆ ಹಾಕುವ ಸರ, ಅಮ್ಮ ಅದನ್ನು ಸಂತೋಷವಾಗಿ ಕೊಳ್ಳಬೇಕು. ಒಂದು ಹಳೆ ಅಂಗಡಿ, ಒಂದು ದೊಡ್ಡ ಮಳಿಗೆ, ಎರಡು ಕಡೆಯೂ ಒಂದೇ ತೂಕ ಹೇಳಿ ಎಸ್ಟಿಮೇಟ್ ಚೀಟಿ ಬರೆಸಿಕೊಳ್ಳಿ. ಅದು ಬಿಲ್ ಅಲ್ಲ, ಹೋಲಿಸಿ ನೋಡಲು ಮಾತ್ರ. ನೆಟ್ ತೂಕ, ಅಂದಿನ ರೇಟ್, ವಿ.ಎ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಚೀಟಿಯಲ್ಲಿ ಏನಾದರೂ ಅರ್ಥವಾಗದಿದ್ದರೆ ಅಂಕಿಗಳನ್ನು ಇಲ್ಲೇ ಬರೆಯಿರಿ, ನೋಡಿ ಹೇಳುತ್ತೇನೆ.