ಮೊದಲ ಸಲ ರಕ್ತ ಕೊಡೋಕೆ ಹೋದಾಗ ನನ್ನನ್ನು ವಾಪಸ್ ಕಳಿಸಿದ್ದರು

ಮುಂದಿನ ವಾರ ಕಾಲೇಜಿನಲ್ಲಿ ರಕ್ತದಾನ ಶಿಬಿರ ಇದೆ, ವಯಸ್ಸು 19, ತೂಕ 50 ಕೆ.ಜಿ., ಸೂಜಿ ಕಂಡರೆ ಭಯ, ಅಮ್ಮ ಬೇರೆ "ಹೆಣ್ಣುಮಕ್ಕಳಿಗೆ ಇದೆಲ್ಲ ಬೇಡ" ಅಂತಿದ್ದಾರೆ, ಕೊಡಬಹುದಾ ಅಂತ ಕೇಳಿದ್ದೀರಿ. ಕೊಡಬಹುದು. 18 ತುಂಬಿರಬೇಕು, ತೂಕ 45ಕ್ಕಿಂತ ಕಡಿಮೆ ಇರಬಾರದು. ನಿಮಗೆ ಎರಡೂ ಸರಿಯಾಗಿದೆ.

ಆದರೆ ನಿಮ್ಮ ಹೆದರಿಕೆ ಎಲ್ಲಾ ಸೂಜಿಯ ಮೇಲೇ ಇದೆ. ನನ್ನದೂ ಹಾಗೇ ಇತ್ತು. ಮೊದಲ ಸಲ ನಾನು ಸೂಜಿಯ ತನಕ ತಲುಪಲೇ ಇಲ್ಲ!

ಆಗ ಶಿವಮೊಗ್ಗದಲ್ಲಿ ಎರಡನೇ ವರ್ಷದ ಡಿಗ್ರಿ. ಎನ್‌ಎಸ್‌ಎಸ್‌ನವರ ಶಿಬಿರ. ಹಾಸ್ಟೆಲ್‌ನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಫಾರಂ ತುಂಬಿಸಿದೆ, ತೂಕ ನೋಡಿದರು, ಬಿ.ಪಿ. ನೋಡಿದರು. ಆಮೇಲೆ ಸಿಸ್ಟರ್ ಬೆರಳ ತುದಿ ಚುಚ್ಚಿ ಸಣ್ಣ ಗಾಜಿನ ನಳಿಗೆಯಲ್ಲಿ ರಕ್ತ ತೆಗೆದರು. ಮುಂದೆ ಗಾಜಿನ ಲೋಟದಲ್ಲಿ ನೀಲಿ ನೀರು. ನೋಡಿದ ಕೂಡಲೇ ಗುರುತು ಸಿಕ್ಕಿತು, ಮೈಲುತುತ್ತ. ನಮ್ಮದು ಅಡಿಕೆ ತೋಟ, ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಅಪ್ಪ ಸುಣ್ಣದ ಜೊತೆ ಕಲಸಿ ಹೊಡೆಸುವುದು ಇದನ್ನೇ. ಇಲ್ಲಿ ಇದಕ್ಕೇನು ಕೆಲಸ ಅಂತ ನೋಡುತ್ತಿದ್ದೆ. ಸಿಸ್ಟರ್ ಒಂದು ಹನಿ ರಕ್ತ ಅದರೊಳಗೆ ಬಿಟ್ಟರು. ಹಿಮೋಗ್ಲೋಬಿನ್ ಸಾಕಷ್ಟಿದ್ದರೆ ಹನಿ ಭಾರ ಇರುತ್ತೆ, ಸೀದಾ ತಳಕ್ಕೆ ಹೋಗಿ ಕೂರುತ್ತೆ. ನನ್ನ ಹನಿ ಸ್ವಲ್ಪ ಇಳಿಯಿತು. ನಡುವೆ ನಿಂತಿತು. ಯೋಚನೆ ಮಾಡುತ್ತಿರುವ ಹಾಗೆ ಅಲ್ಲೇ ಒಂದು ಕ್ಷಣ ಇದ್ದು, ನಿಧಾನಕ್ಕೆ ಮೇಲೆ ಬಂತು.

"ಮುಳುಗಲಿಲ್ವಲ್ಲಮ್ಮಾ" ಅಂದರು ಸಿಸ್ಟರ್.

ಅಳು ಬಂದುಬಿಟ್ಟಿತ್ತು. ಪರೀಕ್ಷೆಯಲ್ಲಿ ಫೇಲಾದ ಹಾಗೆ. ಅವರು ಪಾಪ, ನನ್ನನ್ನೂ ಕೂರಿಸಿ ಜ್ಯೂಸ್ ಕೊಟ್ಟರು. ರಕ್ತ ಕೊಡದೇ ಜ್ಯೂಸ್ ಕುಡಿದವಳು ಅಂತ ಗೆಳತಿಯರು ವರ್ಷವಿಡೀ ಆಡಿಕೊಂಡರು.

ಕೊಡೋಕೆ 100 ಎಂ.ಎಲ್. ರಕ್ತದಲ್ಲಿ 12.5 ಗ್ರಾಂ ಹಿಮೋಗ್ಲೋಬಿನ್ ಇರಬೇಕು, ಗಂಡಸರಿಗೂ ಹೆಂಗಸರಿಗೂ ಅದೇ ಲೆಕ್ಕ. ಲ್ಯಾಬಿನಲ್ಲಿ ಮಾಡಿಸಿದಾಗ ನನ್ನದು 11.2 ಬಂತು. ಮೆಟ್ಟಿಲು ಹತ್ತಿದರೆ ಏದುಸಿರು, ಕೂದಲು ಉದುರುವುದು, ಇದೆಲ್ಲ ಹಾಸ್ಟೆಲ್ ಊಟದ ಪ್ರಭಾವ ಅಂದುಕೊಂಡಿದ್ದೆ. ಡಾಕ್ಟರ್ ಮೊದಲು ಕೇಳಿದ್ದು "ದಿನಕ್ಕೆ ಎಷ್ಟು ಟೀ?" ಅಂತ. ಐದು. ಅದೂ ಊಟದ ಬೆನ್ನಿಗೇ. ಊಟದ ಕಬ್ಬಿಣಾಂಶವನ್ನು ಮೈ ಹೀರಿಕೊಳ್ಳೋದಕ್ಕೆ ಟೀ ಅಡ್ಡ ಬರುತ್ತಂತೆ. ಕಬ್ಬಿಣದ ಮಾತ್ರೆ ಬರೆದುಕೊಟ್ಟರು, ಸೊಪ್ಪು, ಕಾಳು, ಮೇಲೆ ನಿಂಬೆಹಣ್ಣು ಹಿಂಡಿಕೊಂಡು ತಿನ್ನಿ ಅಂದರು. ಮಾತ್ರೆಯಿಂದ ಮಲ ಕಪ್ಪಾಗುತ್ತೆ, ಹೆದರಬೇಡಿ. ನೀವಾಗಿಯೇ ಅಂಗಡಿಯಿಂದ ತಂದು ನುಂಗೋಕೆ ಮಾತ್ರ ಹೋಗಬೇಡಿ, ಪರೀಕ್ಷೆ ಮಾಡಿಸಿ ಡಾಕ್ಟರ್ ಹೇಳಿದರೆ ತಗೊಳ್ಳಿ.

ನಿಜವಾಗಿ ರಕ್ತ ಕೊಟ್ಟಿದ್ದು ಮೂರು ವರ್ಷ ಬಿಟ್ಟು, ಬೆಂಗಳೂರಿನ ಆಫೀಸಿನಲ್ಲಿ. ಈ ಸಲ ಹನಿ ಕಲ್ಲಿನ ಹಾಗೆ ಮುಳುಗಿತು.

ಈಗ ನಿಮ್ಮ ನೋವಿನ ಪ್ರಶ್ನೆ. ಎಲ್ಲರೂ "ಇರುವೆ ಕಚ್ಚಿದ ಹಾಗೆ" ಅಂತಾರೆ. ಸುಳ್ಳು. ಕಟ್ಟಿರುವೆ ಕಚ್ಚಿದ ಹಾಗೆ. ಮಾಮೂಲಿ ಇಂಜೆಕ್ಷನ್‌ಗಿಂತ ಈ ಸೂಜಿ ದಪ್ಪ, ಅದನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ. ಒಳಗೆ ಹೋಗುವಾಗ ಚುರುಕ್ ಅನ್ನುತ್ತೆ, ಆಮೇಲೆ ಸ್ವಲ್ಪ ಭಾರ ಭಾರ, ಅಷ್ಟೇ. ನೋಡಬೇಡಿ, ಆ ಕಡೆ ಮುಖ ತಿರುಗಿಸಿ. ನಾನು ನೋಡಿದ್ದು ಕೆಳಗಿದ್ದ ಬ್ಯಾಗನ್ನು. ಸಣ್ಣ ಯಂತ್ರದ ಮೇಲೆ ಅದು ತೊಟ್ಟಿಲಿನ ಹಾಗೆ ತೂಗುತ್ತಿರುತ್ತೆ, ಒಳಗಿರುವ ಔಷಧಿ ರಕ್ತದ ಜೊತೆ ಬೆರೆತು ಹೆಪ್ಪುಗಟ್ಟದಿರಲಿ ಅಂತ. ಟ್ಯೂಬು ಮುಂಗೈಗೆ ತಾಗುತ್ತಿತ್ತು. ಬೆಚ್ಚಗಿತ್ತು. ನನ್ನದೇ ರಕ್ತ ಇಷ್ಟು ಬೆಚ್ಚಗಿರುತ್ತೆ ಅಂತ ಯಾಕೋ ಅಂದುಕೊಂಡೇ ಇರಲಿಲ್ಲ. ಕೈಗೆ ಕೊಟ್ಟ ಮೆತ್ತನೆ ಚೆಂಡನ್ನು ಅಮುಕುತ್ತಾ ಇದ್ದೆ, ಏಳೆಂಟು ನಿಮಿಷದಲ್ಲಿ ಮುಗಿಯಿತು.

ಪಕ್ಕದ ಮಂಚದಲ್ಲಿ ಜಿಮ್ಮಿಗೆ ಹೋಗುವ ಹುಡುಗ, ತೋಳು ನನ್ನ ತೊಡೆಯಷ್ಟಿತ್ತು. ಮುಗಿದ ತಕ್ಷಣ ಮೀಟಿಂಗ್ ಇದೆ ಅಂತ ದಡಬಡ ಎದ್ದ, ನಾಲ್ಕು ಹೆಜ್ಜೆ ಇಟ್ಟು ಕುಸಿದ. ಮಲಗಿಸಿ ಕಾಲು ಎತ್ತಿ ಹಿಡಿದ ಮೇಲೆ ಎರಡು ನಿಮಿಷದಲ್ಲಿ ಸರಿಹೋದ. ಬೆಳಿಗ್ಗೆ ಏನು ತಿಂದೆ ಅಂದರೆ, ಬರೀ ಕಾಫಿ. ತಲೆ ಸುತ್ತು ಬರೋದು ಜಾಸ್ತಿ ಇಂಥವರಿಗೇ. ಹಾಗಾಗಿ ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ಬೆಳಿಗ್ಗೆ ತಿಂಡಿ ತಿಂದು, ಎರಡು ಲೋಟ ನೀರು ಕುಡಿದು ಹೋಗಿ. ಆದ ಮೇಲೆ ಹದಿನೈದು ನಿಮಿಷ ಸುಮ್ನೆ ಕೂತುಕೊಳ್ಳಿ, ಅವರು ಕೊಡುವ ಬಿಸ್ಕತ್ತು ತಿನ್ನಿ. ಅವತ್ತು ಆ ಕೈಯಲ್ಲಿ ಭಾರ ಎತ್ತಬೇಡಿ.

ಅಮ್ಮನಿಗೆ ಲೆಕ್ಕ ಹೇಳಿ ನೋಡಿ. ನಿಮ್ಮ ತೂಕದವರ ಮೈಯಲ್ಲಿ ಸುಮಾರು ಮೂರೂಕಾಲು ಲೀಟರ್ ರಕ್ತ ಇರುತ್ತೆ, ಅವರು ತೆಗೆಯುವುದು 350 ಎಂ.ಎಲ್. ಹತ್ತರಲ್ಲಿ ಒಂದು ಪಾಲು. ಅದರ ನೀರಿನ ಭಾಗ ಒಂದೆರಡು ದಿನದಲ್ಲೇ ತುಂಬಿಕೊಳ್ಳುತ್ತೆ, ಕೆಂಪು ಕಣಗಳಿಗೆ ವಾರಗಟ್ಟಲೆ ಬೇಕು. ಅದಕ್ಕೇ ಮತ್ತೆ ಕೊಡೋಕೆ ಗಂಡಸರು 90 ದಿನ, ನಾವು 120 ದಿನ ಕಾಯಬೇಕು. ನಮ್ಮಮ್ಮ ಈ ಲೆಕ್ಕ ಪೂರ್ತಿ ಕೇಳಿಸಿಕೊಂಡು "ಸರಿ, ಇವತ್ತು ಏನು ತಿಂದೆ?" ಅಂತಷ್ಟೇ ಕೇಳಿದರು.

ಫಾರಂನಲ್ಲಿ ಮಾತ್ರ ಸುಳ್ಳು ಬರೆಯಬೇಡಿ. ಮುಟ್ಟಾಗಿದ್ದರೆ, ಮಾತ್ರೆ ತಗೊಳ್ಳುತ್ತಿದ್ದರೆ, ಇತ್ತೀಚೆಗೆ ಹಚ್ಚೆ ಹಾಕಿಸಿಕೊಂಡಿದ್ದರೆ ಹೇಳಿಬಿಡಿ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆಗಳನ್ನು ಅವರೇ ಮಾಡುತ್ತಾರೆ, ನಿಜ. ಆದರೆ ಸೋಂಕು ತೀರಾ ಹೊಸದಾಗಿದ್ದರೆ ಪರೀಕ್ಷೆಗೂ ಸಿಗದೇ ಹೋಗಬಹುದು. ಆ ರಕ್ತ ಯಾರೋ ಬಾಣಂತಿಗೆ ಹೋಗುತ್ತೆ ಅಲ್ವಾ? ವಾಪಸ್ ಕಳಿಸಿದರೂ ನಾಚಿಕೊಳ್ಳಬೇಡಿ, ಜ್ಯೂಸ್ ಕುಡಿದು ಬನ್ನಿ.

ಇನ್ನೊಂದು ಮರೆತಿದ್ದೆ. ಸಡಿಲ ತೋಳಿನ ಬಟ್ಟೆ ಹಾಕಿಕೊಂಡು ಹೋಗಿ. ನಾನು ಫೋಟೋಗೆ ಚೆನ್ನಾಗಿರುತ್ತೆ ಅಂತ ಬಿಗಿ ತೋಳಿನ ಹೊಸ ಕುರ್ತಾ ಹಾಕಿದ್ದೆ. ಏನು ಮಾಡಿದರೂ ಮೊಣಕೈ ದಾಟಿ ಮೇಲೆ ಹೋಗಲಿಲ್ಲ. ಕೊನೆಗೆ ಸಿಸ್ಟರ್ ಕತ್ತರಿ ತಂದು ಹೊಲಿಗೆ ಬಿಚ್ಚಿದರು.