ಒಂದೇ ಫೋನಿನಲ್ಲಿ ಮದರಸಾದ ಮಕ್ಕಳಿಗೆ ಖುರಾನ್ ಪಠಣ ಕಲಿಸುವುದು ಹೇಗೆ?

ಭಟ್ಕಳದ ಮದರಸಾದಲ್ಲಿ 30 ಮಕ್ಕಳು, ಉಸ್ತಾದರ (ಶಿಕ್ಷಕರ) ಬಳಿ ಒಂದೇ ಫೋನು ಎಂದುಕೊಳ್ಳೋಣ. ಅಷ್ಟು ಸಾಕು, ತರಗತಿಯಲ್ಲಿ ಇಂಟರ್ನೆಟ್ ಬೇಡ. ಈಜಿಪ್ಟಿನ ಹೆಸರಾಂತ ಖುರಾನ್ ಪಠಣಕಾರ ಮಹಮೂದ್ ಖಲೀಲ್ ಅಲ್-ಹುಸರಿಯವರ ನಿಧಾನ ಪಠಣವನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ, ಧ್ವನಿಯ ಗುಣಮಟ್ಟ 128 ಕೆಬಿಪಿಎಸ್ ಇದ್ದರೆ ಒಳ್ಳೆಯದು. ತೀರಾ ಕುಗ್ಗಿಸಿದ ಫೈಲಿನಲ್ಲಿ ಸೀನ್, ಸ್ವಾದ್ ಎಂಬ ಎರಡು ಅರಬಿ ಅಕ್ಷರಗಳು ಒಂದೇ ಥರ ಕೇಳಿಸಬಹುದು, ಮಕ್ಕಳು ಅದನ್ನೇ ಬಾಯಿಪಾಠ ಮಾಡಿಬಿಡುತ್ತಾರೆ. ಆಮೇಲೆ ತಿದ್ದುವುದು ಬಹಳ ಕಷ್ಟ.

ಖುರಾನಿನ ಮೊದಲ ಅಧ್ಯಾಯವಾದ ಫಾತಿಹಾದ 7 ಆಯತ್‌ಗಳನ್ನು (ವಾಕ್ಯಗಳನ್ನು) 7 ಫೈಲ್ ಮಾಡಿ. ಒಂದೊಂದನ್ನೂ 3 ಸಲ ಕೇಳಿಸಿ, 2 ಸಲ ಒಟ್ಟಿಗೆ ಹೇಳಿಸಿ, ನಂತರ ಒಬ್ಬೊಬ್ಬರಿಂದ. ಮಗುವಿನ ಓದನ್ನು ರೆಕಾರ್ಡ್ ಮಾಡಿ ಹುಸರಿಯವರದರ ಬೆನ್ನಿಗೇ ಕೇಳಿಸಿ: 'ಅಲ್‌ಹಮ್ದು'ವಿನಲ್ಲಿ ಗಂಟಲಿನಿಂದ ಬರಬೇಕಾದ ಅರಬಿಯ ಹಾ ನಮ್ಮ 'ಹ' ಆಗಿದ್ದರೆ ಮಗುವಿಗೇ ಗೊತ್ತಾಗುತ್ತದೆ. ನಾಲಿಗೆ ಎಲ್ಲಿ ತಾಗಬೇಕೆಂದು ಮಾತ್ರ ಉಸ್ತಾದರೇ ತೋರಿಸಬೇಕು. ಮಳೆಗಾಲದಲ್ಲಿ ಹೆಂಚಿನ ಸದ್ದಿಗೆ ಫೋನಿನ ಧ್ವನಿ ಸಾಲದು. ಚಾರ್ಜ್ ಆಗುವ ಸಣ್ಣ ಸ್ಪೀಕರನ್ನು ಮಕ್ಕಳ ನಡುವೆ ಇಡಿ.